ನಕ್ಷೆಯ ಮೂಲೆಯಿಂದ ಒಂದು ಪತ್ರ: ಮೇಯರ್ ಮತ್ತು ಕುಲಪತಿಗಳಿಗೆ

ಮಾನ್ಯ ಮೇಯರ್ ಅವರಿಗೆ ಮತ್ತು ಮಾನ್ಯ ಕುಲಪತಿಗಳಿಗೆ,

ಸವಿನಯ ನಮಸ್ಕಾರಗಳು.

ನಗರಪಾಲಿಕೆ ಮತ್ತು ವಿಶ್ವವಿದ್ಯಾಲಯ ಜೊತೆಗೂಡಿ ಊರಿನ ಮುನ್ನೋಟ ರೂಪಿಸುವ ಯೋಜನೆಯ ಎರಡನೇ ಸುತ್ತು ಇನ್ನೇನು ಶುರುವಾಗಲಿದೆ ಎಂಬ ಪ್ರಕಟಣೆ ನೋಡಿದೆ. ಮೊದಲ ಸುತ್ತಿನ ಮೂರು ಸಭೆಗಳಿಗೆ ನಾನು ಬಂದಿದ್ದೆ. ಕರೆದಿರಿ, ಬಂದೆ. ಹೇಳಿ ಅಂದಿರಿ, ಹೇಳಿದೆ. ಆಮೇಲೆ ಏನಾಯಿತು ಅಂತ ಮಾತ್ರ ಯಾರೂ ಹೇಳಲಿಲ್ಲ. ಅದನ್ನು ಕೇಳೋಕೇ ಈ ಪತ್ರ. ಇಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ. ಬೇರೆ ಬೇರೆ ಕೇಳಿದಾಗ ನಿಮ್ಮ ಕಚೇರಿಗಳು ಒಂದು ಇನ್ನೊಂದರ ಕಡೆ ಕೈ ತೋರಿಸಿದವು.

ನಾನು ಬಸ್ ಕಂಡಕ್ಟರ್ ಆಗಿದ್ದವನು. 31 ವರ್ಷ ಟಿಕೆಟ್ ಹರಿದು ಈಗ ಮನೆಯಲ್ಲಿದ್ದೇನೆ. ನಗರ ಯೋಜನೆ ಓದಿದವನಲ್ಲ. ಆದರೆ ಯಾವ ಸ್ಟಾಪಿನಲ್ಲಿ ಯಾವ ಹೊತ್ತಿಗೆ ಯಾರು ಹತ್ತುತ್ತಾರೆ, ಎಲ್ಲಿ ಇಳಿಯುತ್ತಾರೆ, ಮಳೆ ಬಂದರೆ ಎಲ್ಲಿ ಜನ ನಿಲ್ಲೋಕೆ ಜಾಗ ಇಲ್ಲದೆ ರಸ್ತೆಗೇ ಬರುತ್ತಾರೆ ಅನ್ನೋದೆಲ್ಲ ನನಗೆ ಬಾಯಿಪಾಠ. ತಲೆ ಎಣಿಸುವ ಚಾಳಿಯೂ ಇನ್ನೂ ಬಿಟ್ಟಿಲ್ಲ. ಎಲ್ಲಿ ಹೋಗಿ ಕೂತರೂ ಕಣ್ಣು ಮೊದಲು ಅದನ್ನೇ ಮಾಡುತ್ತದೆ.

ಮೊದಲ ಸಭೆ ವಿಶ್ವವಿದ್ಯಾಲಯದ ದೊಡ್ಡ ಸಭಾಂಗಣದಲ್ಲಿ ಇತ್ತು. ಮಂಗಳವಾರ, ಬೆಳಿಗ್ಗೆ 11 ಗಂಟೆ. ಕೂತ ಕೂಡಲೇ ಎಣಿಸಿದೆ. 96 ಜನ. ವಿದ್ಯಾರ್ಥಿಗಳು, ಮೇಷ್ಟ್ರುಗಳು, ಪಾಲಿಕೆ ಸಿಬ್ಬಂದಿ, ಫೋಟೊ ತೆಗೆಯುವವರನ್ನು ಬಿಟ್ಟರೆ ಊರಿನವರು ಅಂತ ಉಳಿದದ್ದು 41. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ನನ್ನ ಹಾಗೆ ನಿವೃತ್ತರು. ಮಂಗಳವಾರ 11 ಗಂಟೆಗೆ ಬೇರೆ ಯಾರು ಬರೋಕಾಗುತ್ತೆ? ನಿಮ್ಮ ವರದಿಯಲ್ಲಿ ‘ಸುಮಾರು ನೂರು ನಾಗರಿಕರು ಪಾಲ್ಗೊಂಡರು’ ಅಂತಿದೆ. ಟಿಕೆಟ್ ಲೆಕ್ಕವನ್ನು ನಾನು ಹೀಗೆ ಬರೆದಿದ್ದರೆ ಅವತ್ತೇ ಅಮಾನತು ಮಾಡುತ್ತಿದ್ದರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಆ ಸಭೆಗೆ ತಪ್ಪು ಹುಡುಕೋಕೆ ಬಂದವನಲ್ಲ. ಖುಷಿಯಿಂದಲೇ ಬಂದಿದ್ದೆ. ಇಷ್ಟು ವರ್ಷದಲ್ಲಿ ‘ಇನ್ನು 20 ವರ್ಷಕ್ಕೆ ನಿಮ್ಮ ಊರು ಹೇಗಿರಬೇಕು’ ಅಂತ ನನ್ನನ್ನು ಕೇಳಿದವರು ನೀವೇ ಮೊದಲು. ಹಿಂದಿನ ರಾತ್ರಿ ನೋಟ್‌ಬುಕ್ಕಿನಲ್ಲಿ ಎರಡು ಪುಟ ಬರೆದುಕೊಂಡಿದ್ದೆ. ಆ ನೋಟ್‌ಬುಕ್ ಈಗಲೂ ಇದೆ.

ನಮ್ಮನ್ನು ಟೇಬಲ್ ಟೇಬಲ್ ಅಂತ ಹಂಚಿದರು. ನನಗೆ ಬಂದದ್ದು 7ನೇ ಟೇಬಲ್. ಮೇಲೆ ಊರಿನ ದೊಡ್ಡ ನಕ್ಷೆ ಹಾಸಿದ್ದರು. ಉಪಗ್ರಹದಿಂದ ತೆಗೆದ ಚಿತ್ರ, ಒಳ್ಳೆ ಬಣ್ಣ, ಒಳ್ಳೆ ಕಾಗದ. ಬರೆದುಕೊಳ್ಳೋಕೆ ಅಂತ ಕೊನೇ ವರ್ಷದ ಒಬ್ಬಳು ವಿದ್ಯಾರ್ಥಿನಿ ಇದ್ದಳು. ‘ಮೊದಲು ಎಲ್ಲರೂ ನಿಮ್ಮ ಮನೆ ಎಲ್ಲಿದೆ ಅಂತ ಗುರುತು ಮಾಡಿ’ ಅಂದಳು. ಪಕ್ಕದಲ್ಲಿ ನಮ್ಮ ಬಡಾವಣೆಯವರೇ ಒಬ್ಬರು ಹೆಂಗಸು ಕೂತಿದ್ದರು. ಕಚೇರಿಗಳಲ್ಲಿ ಕಸ ಗುಡಿಸುವ, ನೆಲ ಒರೆಸುವ ಕೆಲಸ ಅವರದು. ಅರ್ಧ ದಿನ ರಜೆ ಹಾಕಿ ಬಂದಿದ್ದರು. ಪೆನ್ ಹಿಡಿದು ನಕ್ಷೆಯ ಮೇಲೆ ಹುಡುಕಿದರು. ಸಿಗಲಿಲ್ಲ. ‘ಅಣ್ಣಾ, ನಮ್ಮನೆ ಎಲ್ಲಿ ಬರುತ್ತೆ ಇದರಲ್ಲಿ?’ ಅಂತ ನನ್ನನ್ನು ಕೇಳಿದರು. ನಾನು ಬಸ್ ರೂಟ್ ಹಿಡಿದು ಬೆರಳಿಟ್ಟುಕೊಂಡು ಹೋದೆ. ಡಿಪೋ ಸಿಕ್ಕಿತು, ರೈಲ್ವೆ ಗೇಟ್ ಸಿಕ್ಕಿತು, ನೀರಿನ ಟ್ಯಾಂಕ್ ಸಿಕ್ಕಿತು. ಅದಾದ ಮೇಲೆ ಎಡಕ್ಕೆ ತಿರುಗಬೇಕು. ತಿರುಗಿದರೆ ಒಂದು ಬಿಳಿ ಚೌಕ. ಹಸಿರು ಅಂದರೆ ಉದ್ಯಾನ, ಹಳದಿ ಅಂದರೆ ವಸತಿ, ಕೆಂಪು ಅಂದರೆ ವಾಣಿಜ್ಯ ಅಂತ ಬಣ್ಣಗಳ ವಿವರ ಬರೆದ ಚೌಕ ಅದು. ಲೆಜೆಂಡ್ ಅಂತಾರಂತೆ ಅದಕ್ಕೆ. ನಕ್ಷೆ ಮಾಡಿದವರು ಖಾಲಿ ಮೂಲೆ ಅಂದುಕೊಂಡು ಅದನ್ನು ಅಲ್ಲಿ ಇಟ್ಟಿದ್ದರು.

ನಮ್ಮ ಬಡಾವಣೆ ಆ ಚೌಕದ ಕೆಳಗಿತ್ತು.

ವಿದ್ಯಾರ್ಥಿನಿಗೆ ಅದು ಗೊತ್ತಾದ ತಕ್ಷಣ ಮುಖ ಕೆಂಪಾಯಿತು. ‘ಸಾರಿ ಅಂಕಲ್, ಸಾರಿ ಆಂಟಿ’ ಅಂತ ಎರಡು ಮೂರು ಸಲ ಹೇಳಿದಳು. ಒಂದು ಬಿಳಿ ಹಾಳೆ ತಂದು ನಕ್ಷೆಯ ಅಂಚಿಗೆ ಅಂಟಿಸಿದಳು. ‘ನೀವೇ ಬರೆಯಿರಿ’ ಅಂದಳು. ನಾವಿಬ್ಬರೂ ಸೇರಿ ರಸ್ತೆ, ಸ್ಟಾಪು, ಶಾಲೆ, ಮೋರಿ ಎಲ್ಲ ಬರೆದೆವು. ಅವತ್ತಿನ ದಿನದಲ್ಲಿ ನನಗೆ ತುಂಬಾ ಇಷ್ಟವಾದ ಅರ್ಧ ಗಂಟೆ ಅದು. ಆ ಹುಡುಗಿಯ ಮೇಲೆ ನನಗೆ ಯಾವ ದೂರೂ ಇಲ್ಲ. ಅವಳು ಕೇಳಿಸಿಕೊಂಡಳು.

ಆಮೇಲೆ ಚುಕ್ಕಿ ಅಂಟಿಸುವ ಕಾರ್ಯಕ್ರಮ. ಗೋಡೆಗೆ ಆರು ದೊಡ್ಡ ಚಿತ್ರಗಳನ್ನು ನಿಲ್ಲಿಸಿದ್ದರು. ಸೈಕಲ್ ಪಥ, ಬೆಳಕಿನ ಕಾರಂಜಿ, ಗಾಜಿನ ಕಟ್ಟಡ, ನಡೆದಾಡುವ ಚೌಕ, ಹೀಗೆ. ಪ್ರತಿಯೊಬ್ಬರಿಗೂ ಮೂರು ಕೆಂಪು ಚುಕ್ಕಿ. ಇಷ್ಟವಾದ ಚಿತ್ರಕ್ಕೆ ಅಂಟಿಸಬೇಕು. ನಮ್ಮ ಟೇಬಲಿನ ಆ ಹೆಂಗಸು ಆರೂ ಚಿತ್ರಗಳ ಮುಂದೆ ಒಂದು ಸುತ್ತು ಹೋಗಿ ಬಂದರು. ಅವರಿಗೆ ಬೇಕಾದದ್ದು ಬೆಳಗಿನ ಜಾವ 5 ಗಂಟೆಗೆ ಸ್ಟಾಪಿನಲ್ಲಿ ಒಂದು ದೀಪ, ರಾತ್ರಿ 9 ಆದ ಮೇಲೆ ವಾಪಸ್ ಬರೋಕೆ ಒಂದು ಬಸ್. ಅದರ ಚಿತ್ರ ಅಲ್ಲಿರಲಿಲ್ಲ. ‘ಇದರಲ್ಲೇ ಯಾವುದಾದರೂ ಒಂದಕ್ಕೆ ಹಾಕಿಬಿಡಿ’ ಅಂದರು ಅಲ್ಲಿದ್ದವರೊಬ್ಬರು. ಆ ಹೆಂಗಸು ಒಂದು ನಿಮಿಷ ಸುಮ್ನೆ ನಿಂತರು. ಆಮೇಲೆ ಮೂರೂ ಚುಕ್ಕಿಗಳನ್ನು ಎರಡು ಚಿತ್ರಗಳ ನಡುವಿನ ಖಾಲಿ ಗೋಡೆಗೆ ಅಂಟಿಸಿ ಬಂದು ಕೂತರು.

ಸಂಜೆ ಚುಕ್ಕಿ ಎಣಿಸಿದರು. ಗೋಡೆಯ ಮೇಲಿದ್ದ ಮೂರನ್ನು ಎಣಿಸಲಿಲ್ಲ. ನಾನು ನೋಡುತ್ತಾ ನಿಂತಿದ್ದೆ.

ಹತ್ತು ತಿಂಗಳಾದ ಮೇಲೆ ವರದಿ ಬಂತು. ನಾವು ಆಡಿದ ಭಾಷೆಯಲ್ಲಿ ಅಲ್ಲ, ಇಂಗ್ಲಿಷಿನಲ್ಲಿ. ನೆರೆಮನೆಯ ಹುಡುಗನನ್ನು ಕೂರಿಸಿಕೊಂಡು ಪುಟ ಪುಟ ಓದಿಸಿದೆ. ಒಳ್ಳೊಳ್ಳೆ ಫೋಟೊಗಳಿವೆ. ಒಂದರಲ್ಲಿ ನಾನೂ ಇದ್ದೇನೆ, ಕೈ ಎತ್ತಿ ಏನೋ ಹೇಳುತ್ತಿದ್ದೇನೆ. ಕೆಳಗೆ ‘ಉತ್ಸಾಹಿ ಹಿರಿಯ ನಾಗರಿಕ’ ಅಂತ ಬರೆದಿದ್ದಾರೆ. ನಾನು ಏನು ಹೇಳುತ್ತಿದ್ದೆ ಅನ್ನೋದು ಮಾತ್ರ 140 ಪುಟಗಳಲ್ಲಿ ಎಲ್ಲೂ ಇಲ್ಲ. ಸ್ಟಾಪಿನ ದೀಪ ಹುಡುಕಿಸಿದೆ. ಕೊನೆಗೆ ಒಂದು ಸಾಲು ಸಿಕ್ಕಿತು. ಹುಡುಗ ಅದನ್ನು ಅರ್ಥ ಮಾಡಿ ಹೇಳಿದ: ‘ಬಹುಮಾದರಿ ಸಂಚಾರ ಕೇಂದ್ರಗಳಲ್ಲಿ ಪ್ರಯಾಣಿಕರ ಅನುಭವವನ್ನು ಉನ್ನತೀಕರಿಸುವುದು.’ ದೀಪ ಅಂದರೆ ಯಾರಾದರೂ ಕಂಬ ನೆಡಬೇಕಾಗುತ್ತೆ, ಎಷ್ಟು ಕಂಬ, ಯಾವಾಗ ಅಂತ ಕೇಳಬಹುದು. ಅನುಭವದ ಉನ್ನತೀಕರಣ ಆಗಿಲ್ಲ ಅಂತ ಯಾರು, ಹೇಗೆ ದೂರು ಕೊಡೋದು?

ಇನ್ನು ನಕ್ಷೆ. ವರದಿಯ ನಡುವೆ ಮಡಚಿ ಇಟ್ಟಿದ್ದಾರೆ. ಬಿಚ್ಚಿ ನೋಡಿದೆ. ಬಿಳಿ ಚೌಕ ಅದೇ ಜಾಗದಲ್ಲಿದೆ. ನಾವು ಬರೆದುಕೊಟ್ಟ ಹಾಳೆ ಇಲ್ಲ.

ನಗರಪಾಲಿಕೆಗೆ ಹೋಗಿ ಕೇಳಿದೆ. ‘ವರದಿ ಮಾಡಿದ್ದು ವಿಶ್ವವಿದ್ಯಾಲಯದವರು, ಅಲ್ಲೇ ಕೇಳಿ’ ಅಂದರು. ವಿಶ್ವವಿದ್ಯಾಲಯಕ್ಕೆ ಹೋದೆ. ‘ನಾವು ಸಲಹೆ ಕೊಟ್ಟಿದ್ದೇವೆ ಅಷ್ಟೇ, ಜಾರಿ ಮಾಡೋದು ಪಾಲಿಕೆ’ ಅಂದರು. ಹಾಳೆಗಳು ಎಲ್ಲಿವೆ ಅಂದೆ. ಆ ಬ್ಯಾಚ್ ಮುಗಿದಿದೆ, ಯೋಜನೆ ನೋಡಿಕೊಳ್ಳುತ್ತಿದ್ದ ಮೇಷ್ಟ್ರು ಬೇರೆ ಕಡೆ ಹೋಗಿದ್ದಾರೆ, ಹೊಸಬರಿಗೆ ಗೊತ್ತಿಲ್ಲ ಅಂದರು. ಯಾರೂ ಒರಟಾಗಿ ಮಾತಾಡಲಿಲ್ಲ. ಎಲ್ಲರೂ ಕುರ್ಚಿ ಕೊಟ್ಟರು. ಉತ್ತರ ಕೊಡಲಿಲ್ಲ, ಅಷ್ಟೇ.

ನಮ್ಮ ಟೇಬಲಿನ ವಿದ್ಯಾರ್ಥಿನಿ ಊರು ಬಿಡುವ ಮುಂಚೆ ಒಂದು ದಿನ ಸಿಕ್ಕಿದ್ದಳು. ‘ಅಂಕಲ್, ನಿಮಗೆ ಇದು ಇಷ್ಟ ಆಗುತ್ತೆ’ ಅಂತ ಕೆಲವು ಹಾಳೆಗಳ ಪ್ರಿಂಟ್ ಕೊಟ್ಟು, ಕೂತು ವಿವರಿಸಿದಳು. ಮೂರು ಗಂಟೆ ಹಿಡಿಯಿತು. ಅಲ್ಲಿಂದ ಮುಂದೆ ನಾನೇ ಕೇಳಿ, ಓದಿಸಿ, ಕೆಲವು ವಿಷಯ ತಿಳಿದುಕೊಂಡೆ. ನಿಮ್ಮಿಬ್ಬರಿಗೂ ಇವೆಲ್ಲ ಗೊತ್ತಿರುತ್ತವೆ. ಆದರೂ ಬರೆಯುತ್ತೇನೆ, ಯಾಕೆಂದರೆ ಈ ಪತ್ರವನ್ನು 7ನೇ ಟೇಬಲಿನವರೂ ಓದುತ್ತಾರೆ.

ಅಮೆರಿಕದಲ್ಲಿ ಶೆರ್ರಿ ಆರ್ನ್‌ಸ್ಟೀನ್ ಅಂತ ಒಬ್ಬರಿದ್ದರು. ಸರ್ಕಾರದ ಯೋಜನೆಗಳಲ್ಲಿ ಜನರ ಭಾಗವಹಿಸುವಿಕೆ ಹೇಗಿರಬೇಕು ಅಂತ ಸರ್ಕಾರಕ್ಕೇ ಸಲಹೆ ಕೊಡುತ್ತಿದ್ದವರು. 1969ರಲ್ಲಿ ಅವರು ಒಂದು ಲೇಖನ ಬರೆದು, ಒಂದು ಏಣಿಯ ಚಿತ್ರ ಹಾಕಿದರು. ಎಂಟು ಮೆಟ್ಟಿಲು. ತೀರಾ ಕೆಳಗಿನ ಎರಡರಲ್ಲಿ ಜನ ಬಂದು ಕೂತಿರುತ್ತಾರೆ, ಭಾಗವಹಿಸಿರೋದಿಲ್ಲ. ಅವರನ್ನು ಒಪ್ಪಿಸೋಕೆ ಅಥವಾ ಸರಿಮಾಡೋಕೆ ಕರೆದಿರುತ್ತಾರೆ. ನಡುವಿನ ಮೂರು ಮೆಟ್ಟಿಲುಗಳಲ್ಲಿ ವಿಷಯ ತಿಳಿಸುತ್ತಾರೆ, ಅಭಿಪ್ರಾಯ ಕೇಳುತ್ತಾರೆ, ಸಮಿತಿಯಲ್ಲಿ ಒಂದೆರಡು ಕುರ್ಚಿ ಕೊಟ್ಟು ಸಮಾಧಾನ ಮಾಡುತ್ತಾರೆ. ಕೊನೆಯ ಮಾತು ಮಾತ್ರ ಅಧಿಕಾರದಲ್ಲಿರುವವರದ್ದೇ. ಆರನೇ ಮೆಟ್ಟಿಲಿಗೆ ಬಂದಾಗ ಮಾತ್ರ ಜನರಿಗೆ ನಿಜವಾದ ಪಾಲು ಸಿಗುತ್ತದೆ. ಆ ಮೆಟ್ಟಿಲಿಗೆ ಅವರಿಟ್ಟ ಹೆಸರು ಪಾಲುದಾರಿಕೆ.

ನಿಮ್ಮ ಬ್ಯಾನರಿನಲ್ಲೂ ಇದೇ ಶಬ್ದ ಇತ್ತು. ‘ನಗರ ಮತ್ತು ವಿಶ್ವವಿದ್ಯಾಲಯದ ಪಾಲುದಾರಿಕೆ.’ ನಿಮ್ಮಿಬ್ಬರ ನಡುವೆ ಒಪ್ಪಂದ ಇದೆ, ಸಹಿ ಇದೆ, ಯಾರು ಏನು ಕೊಡಬೇಕು ಅಂತ ಬರೆದಿದೆ. ನಮ್ಮ ಜೊತೆ ಇದ್ದದ್ದು ಹಾಜರಿ ಪುಸ್ತಕ ಒಂದೇ.

ಅದೇ ಲೇಖನದಲ್ಲಿ ಒಂದು ಪೋಸ್ಟರಿನ ವಿಷಯ ಬರುತ್ತದೆ. 1968ರ ಚಳವಳಿಯಲ್ಲಿ ಫ್ರಾನ್ಸಿನ ವಿದ್ಯಾರ್ಥಿಗಳು ಮಾಡಿದ್ದು. ಶಾಲೆಯಲ್ಲಿ ಕ್ರಿಯಾಪದ ಬಾಯಿಪಾಠ ಮಾಡಿಸುತ್ತಾರಲ್ಲ, ಹಾಗಿದೆ. ನಾನು, ನೀನು, ಅವನು, ನಾವು, ನೀವು, ಎಲ್ಲರೂ ಸಾಲಾಗಿ ಭಾಗವಹಿಸುತ್ತಾ ಬರುತ್ತಾರೆ. ಕೊನೆಯ ಸಾಲಿನ ‘ಅವರು’ ಮಾತ್ರ ಭಾಗವಹಿಸೋದಿಲ್ಲ. ಲಾಭ ಮಾಡಿಕೊಳ್ಳುತ್ತಾರೆ. ಇದನ್ನು ಕೇಳಿ ನಾನು ಜೋರಾಗಿ ನಕ್ಕೆ. ವಿದ್ಯಾರ್ಥಿನಿ ನಗಲಿಲ್ಲ. ಆ ಯೋಜನೆಯಿಂದ ಅವಳಿಗೆ ಅಂಕ ಬಂದಿತ್ತು. ಅದು ಅವಳಿಗೆ ಚುಚ್ಚಿತ್ತು ಅನ್ನಿಸುತ್ತೆ.

ಹಾಗಾದರೆ ಎಲ್ಲೂ ಇದು ಸರಿಯಾಗಿ ನಡೆದೇ ಇಲ್ವಾ? ನಡೆದಿದೆ.

ಅಮೆರಿಕದ ಟೆನೆಸಿ ರಾಜ್ಯದಲ್ಲಿ ಚಾಟನೂಗ ಅನ್ನುವ ಊರಿದೆ. ಕಾರ್ಖಾನೆಗಳ ಊರು. 1969ರಲ್ಲಿ ಇಡೀ ದೇಶದಲ್ಲೇ ಅತಿ ಕೊಳಕು ಗಾಳಿ ಇರುವ ಊರು ಅಂತ ಟಿವಿ ವಾರ್ತೆಯಲ್ಲಿ ಹೆಸರು ಕೆಡಿಸಿಕೊಂಡಿತ್ತು. 1984ರಲ್ಲಿ ಅಲ್ಲಿ ಊರಿನವರನ್ನು ಸೇರಿಸಿ ಮುನ್ನೋಟದ ಸಭೆಗಳು ಶುರುವಾದವು. ಸುಮಾರು 1,700 ಜನ, ತಿಂಗಳುಗಟ್ಟಲೆ ಕೂತು 40 ಗುರಿಗಳನ್ನು ಬರೆದರು. 2000ನೇ ಇಸವಿಯೊಳಗೆ ಮುಗಿಸಬೇಕು ಅಂತ. ಒಂದು ಹಳೇ ಸೇತುವೆ ಇತ್ತು, 1978ರಲ್ಲಿ ವಾಹನಗಳಿಗೆ ಮುಚ್ಚಿದ್ದು. ಕೆಡವೋಕೆ ಹೊರಟಿದ್ದರು. ಜನ ಬೇಡ ಅಂದರು. 1993ರಲ್ಲಿ ಅದೇ ಸೇತುವೆ ನಡೆದು ಹೋಗುವವರಿಗಾಗಿ ತೆರೆಯಿತು. ಅದೇ ವರ್ಷ ಊರಿನವರು ಮತ್ತೆ ಸೇರಿದರು. ಹಳೇ 40ರಲ್ಲಿ ಎಷ್ಟು ಆಯಿತು ಅಂತ ನೋಡಿ, ಹೊಸ ಗುರಿಗಳನ್ನು ಬರೆದರು.

ಆ ಊರಿನ ಕೆಲಸದಲ್ಲೂ ವಿಶ್ವವಿದ್ಯಾಲಯ ಇತ್ತು, ಕುಲಪತಿಗಳೇ. ಟೆನೆಸಿ ವಿಶ್ವವಿದ್ಯಾಲಯದ ವಾಸ್ತುಶಿಲ್ಪದ ಪ್ರಾಧ್ಯಾಪಕ ಸ್ಟ್ರೌಡ್ ವಾಟ್ಸನ್ 80ರ ದಶಕದ ಆರಂಭದಲ್ಲಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದು ಊರಿನ ನಡುವೆಯೇ ಒಂದು ಸ್ಟುಡಿಯೊ ತೆರೆದರು. ಅವರು ಕೆಲಸ ಮಾಡಿದ್ದು ಊರೊಳಗೆ ಕೂತು. ಒಂದು ಸೆಮಿಸ್ಟರ್ ಮುಗಿಸಿ ಹೋಗಿಬಿಡಲಿಲ್ಲ. ವರ್ಷಗಟ್ಟಲೆ ಅಲ್ಲೇ ಉಳಿದರು. ನಮ್ಮಲ್ಲಿ ಸಭೆಗೆ ಬರೋಕೆ ವಿಶ್ವವಿದ್ಯಾಲಯದ ಗೇಟಿನಲ್ಲಿ ಹೆಸರು, ಫೋನ್ ನಂಬರ್, ಬಂದ ಕಾರಣ ಬರೆಯಬೇಕಾಗಿತ್ತು. ಮುನ್ನೋಟ ಹೇಳೋಕೆ ಬಂದಿದ್ದೇನೆ ಅಂದದ್ದಕ್ಕೆ ವಾಚ್‌ಮನ್ ಎರಡು ಸಲ ‘ಏನು?’ ಅಂತ ಕೇಳಿದರು.

ಬ್ರೆಜಿಲಿನ ಪೋರ್ಟೊ ಅಲೆಗ್ರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ 1989ರಿಂದ ನಗರದ ಬಜೆಟ್ಟಿನ ಒಂದು ಭಾಗವನ್ನು ಎಲ್ಲಿಗೆ ಖರ್ಚು ಮಾಡಬೇಕು ಅಂತ ಬಡಾವಣೆಯ ಸಭೆಗಳಲ್ಲಿ ಜನರೇ ತೀರ್ಮಾನ ಮಾಡೋಕೆ ಶುರು ಮಾಡಿದರು. ಜನ ಕಾರಂಜಿ ಕೇಳಲಿಲ್ಲ. ನೀರು, ಒಳಚರಂಡಿ, ರಸ್ತೆ ಕೇಳಿದರು. 1988ರಲ್ಲಿ ಶೇ. 75ರಷ್ಟು ಮನೆಗಳಿಗೆ ಇದ್ದ ನೀರು ಮತ್ತು ಒಳಚರಂಡಿ ಸಂಪರ್ಕ 1997ರ ಹೊತ್ತಿಗೆ ಶೇ. 98ಕ್ಕೆ ಮುಟ್ಟಿತು. ನನಗೆ ಇದಕ್ಕಿಂತಲೂ ಹಿಡಿಸಿದ್ದು ಬೇರೆ. ಪ್ರತಿ ವರ್ಷ ಮೊದಲ ಸುತ್ತಿನ ಸಭೆ ಶುರುವಾಗುತ್ತಿದ್ದದ್ದು ಹೋದ ವರ್ಷದ ಲೆಕ್ಕದಿಂದ. ಇಂಥದ್ದು ಮಾಡುತ್ತೇವೆ ಅಂದಿದ್ದೆವು, ಇಷ್ಟು ಮಾಡಿದೆವು, ಇಷ್ಟು ಆಗಲಿಲ್ಲ, ಇಂಥ ಕಾರಣಕ್ಕೆ. ಅದು ಮುಗಿದ ಮೇಲೆ ಹೊಸ ಬೇಡಿಕೆ. ಆಮೇಲಾಮೇಲೆ ಆ ಊರಿನಲ್ಲೂ ಅದು ಸೊರಗಿತು ಅಂತ ಓದಿದೆ. ಆಳುವವರು ಬದಲಾದರೆ ಏನು ಬೇಕಾದರೂ ಸೊರಗುತ್ತದೆ, ಅದು ಬೇರೆ ಮಾತು. ಆದರೆ ಹಳೇ ಲೆಕ್ಕ ಕೊಟ್ಟು ಹೊಸ ಮಾತು ಶುರು ಮಾಡುವ ಆ ಪದ್ಧತಿ ಇದೆಯಲ್ಲ, ಅದು ನಮ್ಮ ಡಿಪೋದಲ್ಲೂ ಇತ್ತು. ನಿನ್ನೆಯ ಹಣ ಕಟ್ಟದೆ ಇವತ್ತಿನ ಟಿಕೆಟ್ ಬಂಡಲ್ ಕೊಡುತ್ತಿರಲಿಲ್ಲ.

ಕುಲಪತಿಗಳೇ, ಈಗ ನಿಮ್ಮ ಜೊತೆ ಸ್ವಲ್ಪ ನೇರವಾಗಿ ಮಾತಾಡುತ್ತೇನೆ. ಸೆಮಿಸ್ಟರ್ ಅನ್ನೋದು ನಿಮ್ಮ ಗಡಿಯಾರ. ವಿದ್ಯಾರ್ಥಿಗಳು ಬರುತ್ತಾರೆ, ಕಲಿಯುತ್ತಾರೆ, ಹೋಗುತ್ತಾರೆ. ಅದು ತಪ್ಪಲ್ಲ. ಆದರೆ ನಮ್ಮ ಮೋರಿಗೆ ಸೆಮಿಸ್ಟರ್ ಇಲ್ಲ. ಪ್ರತಿ ಬ್ಯಾಚೂ ಬಂದು ಅದೇ ಪ್ರಶ್ನೆ ಕೇಳುತ್ತದೆ. ನಮ್ಮ ಬಡಾವಣೆಗೆ ಕಳೆದ ಕೆಲವು ವರ್ಷದಲ್ಲಿ ಮೂರು ಸಲ ಸಮೀಕ್ಷೆ ಮಾಡುವವರು ಬಂದರು. ಮನೆಯಲ್ಲಿ ಎಷ್ಟು ಜನ, ನೀರು ಎಷ್ಟು ಹೊತ್ತು ಬರುತ್ತದೆ, ಕೆಲಸಕ್ಕೆ ಹೇಗೆ ಹೋಗುತ್ತೀರಿ. ಮೂರನೇ ಸಲ ಬಂದಾಗ ಎದುರುಮನೆಯವರು ‘ಹೋದ ಸಲದ್ದನ್ನೇ ನೋಡಿ ಬರೆದುಕೊಳ್ಳಿ’ ಅಂತ ಬಾಗಿಲು ಹಾಕಿಕೊಂಡರು. ಆ ಹುಡುಗರ ಮುಖ ನೋಡಿ ನನಗೆ ಪಾಪ ಅನ್ನಿಸಿತು. ಹೋದ ಸಲದ್ದು ಎಲ್ಲಿದೆ ಅಂತ ಅವರಿಗೂ ಗೊತ್ತಿರಲಿಲ್ಲ.

ಅಮೆರಿಕದಲ್ಲೇ ಈಸ್ಟ್ ಸೇಂಟ್ ಲೂಯಿಸ್ ಅನ್ನುವ ಬಡ ಊರಿನ ಜನ ಇದಕ್ಕೆ ಒಂದು ದಾರಿ ಕಂಡುಕೊಂಡಿದ್ದರು. ಇಲಿನಾಯ್ ವಿಶ್ವವಿದ್ಯಾಲಯದವರು ಅಲ್ಲಿಗೆ ಕೆಲಸ ಮಾಡೋಕೆ ಬಂದಾಗ ಊರಿನವರೇ ಷರತ್ತು ಹಾಕಿದರು. ಯಾವ ಸಮಸ್ಯೆ ಮೊದಲು ಅಂತ ನಾವು ಹೇಳುತ್ತೇವೆ, ನೀವಲ್ಲ. ಮೊದಲಿಂದ ಕೊನೆಯವರೆಗೆ ಪ್ರತಿ ಹಂತದಲ್ಲೂ ನಾವಿರುತ್ತೇವೆ. ಬಂದರೆ ವರ್ಷಗಟ್ಟಲೆ ಇರಬೇಕು, ಮಾಹಿತಿ ತೆಗೆದುಕೊಂಡು ಹೋಗಿಬಿಡೋದು ಬೇಡ. ವಿಶ್ವವಿದ್ಯಾಲಯದವರು ಒಪ್ಪಿದರು. ಜೊತೆಗೆ ಉಳಿದರು.

ಮೇಯರ್ ಅವರೇ, ಇನ್ನು ನಿಮ್ಮ ಕಡೆಗೆ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದವರು 2009ರಿಂದ ಒಂದು ಕೆಲಸ ಮಾಡುತ್ತಾ ಬಂದಿದ್ದಾರೆ. ವರ್ಷಕ್ಕೊಂದು ನಗರವನ್ನು ಆರಿಸಿಕೊಂಡು, ಹತ್ತಾರು ಕ್ಲಾಸುಗಳ ವಿದ್ಯಾರ್ಥಿಗಳನ್ನು ಆ ನಗರದ ಕೆಲಸಕ್ಕೇ ಹಚ್ಚುವುದು. ಪ್ರಶ್ನೆಗಳನ್ನು ತರುವುದು ನಗರಾಡಳಿತ. ನಮಗೆ ಇಂಥದ್ದು ಬಗೆಹರಿಯಬೇಕಾಗಿದೆ, ನೋಡಿಕೊಡಿ ಅಂತ ಅವರು ಬರುತ್ತಾರೆ. ಹಾಗೆ ತಾವೇ ಕೇಳಿದ ಪ್ರಶ್ನೆಯ ಉತ್ತರವನ್ನು ಯಾರೂ ಕಪಾಟಿಗೆ ಹಾಕೋದಿಲ್ಲ ಅಲ್ವಾ? ನಮ್ಮ ವರದಿಯ ಒಂದಾದರೂ ಸಾಲು ನಿಮ್ಮ ಬಜೆಟ್ ಪುಸ್ತಕದಲ್ಲಿ ಇದೆಯೇ ಅಂತ ನೋಡೋಕೆ ನಾನು ಎರಡು ವರ್ಷದ ಬಜೆಟ್ ತರಿಸಿಕೊಂಡು ಓದಿಸಿದೆ. ಬೆಳಕಿನ ಕಾರಂಜಿ ಇದೆ. ಸಭೆಗೆ ಮುಂಚೆಯೇ ಅದರ ಟೆಂಡರ್ ಆಗಿತ್ತು ಅನ್ನೋದು ತಾರೀಖು ನೋಡಿದಾಗ ಗೊತ್ತಾಯಿತು. ಹಾಗಾದರೆ ಆ ಚಿತ್ರದ ಮೇಲೆ ನಮ್ಮ ಕೈಯಲ್ಲಿ ಚುಕ್ಕಿ ಅಂಟಿಸಿದ್ದು ಯಾಕೆ? ಈ ಪ್ರಶ್ನೆ ನಾನು ಸಿಟ್ಟಿನಿಂದ ಕೇಳುತ್ತಿಲ್ಲ. ನಿಜವಾಗಿ ಗೊತ್ತಾಗಬೇಕು ಅಂತ ಕೇಳುತ್ತಿದ್ದೇನೆ.

ಎರಡನೇ ಸುತ್ತು ಬೇಡ ಅಂತ ನಾನು ಹೇಳೋದಿಲ್ಲ. ನಡೆಯಲಿ. ಆದರೆ ಅದರ ಮೊದಲ ಸಭೆ ಹೊಸ ಕನಸಿನಿಂದ ಶುರುವಾಗೋದು ಬೇಡ. ಮೊದಲ ಸುತ್ತಿನ ಪ್ರತಿ ಟೇಬಲಿನ ಪ್ರತಿ ಮಾತಿನ ಮುಂದೆ ಒಂದು ಉತ್ತರ ಬರೆದು ತನ್ನಿ. ಆಗಿದೆ, ಆಗುತ್ತದೆ, ಆಗೋದಿಲ್ಲ. ಆಗೋದಿಲ್ಲ ಅಂದರೆ ಯಾಕೆ. ‘ಆಗೋದಿಲ್ಲ’ ಅನ್ನೋದಕ್ಕೆ ಹೆದರಬೇಡಿ. ಕೊನೇ ಬಸ್ ಹೋಯಿತು ಅಂತ ಹೇಳಿದರೆ ಜನ ಬೈದುಕೊಂಡಾದರೂ ನಡೆದು ಮನೆ ಸೇರುತ್ತಾರೆ. ಬರುತ್ತೆ ಬರುತ್ತೆ ಅಂತ ಸ್ಟಾಪಿನಲ್ಲಿ ಕೂರಿಸಿದರೆ ಮಾರನೇ ದಿನ ನಿಮ್ಮ ಮುಖ ನೋಡೋದಿಲ್ಲ.

ಆಡಿದ ಮಾತನ್ನು ಆಡಿದ ಹಾಗೆ ಬರೆಯಿರಿ. ಪಕ್ಕದಲ್ಲಿ ನಿಮ್ಮ ಭಾಷೆಯ ಮಾತೂ ಇರಲಿ, ಬೇಡ ಅನ್ನೋದಿಲ್ಲ. ದೀಪ ಅಂದದ್ದು ದೀಪ ಅಂತಲೇ ಇರಬೇಕು. ವರದಿ ನಮಗೆ ಓದೋಕೆ ಬರುವ ಭಾಷೆಯಲ್ಲಿ, ಇಂಗ್ಲಿಷಿನದು ಬಂದ ದಿನವೇ ಬರಲಿ.

ಸಭೆಗಳನ್ನು ಸಂಜೆ ಅಥವಾ ಭಾನುವಾರ ಇಡಿ. ನಮ್ಮ ಬಡಾವಣೆಯ ಸರ್ಕಾರಿ ಶಾಲೆಯ ಜಗಲಿ ದೊಡ್ಡದಿದೆ, ಬೀಗ ತೆಗೆಸಿಕೊಡುವ ಜವಾಬ್ದಾರಿ ನನ್ನದು. ಬೆಳಗಿನ ಜಾವ 5 ಗಂಟೆಯ ಬಸ್ಸಿನಲ್ಲಿ ಒಂದು ಸುತ್ತು ಬಂದರೆ ಇನ್ನೂ ಒಳ್ಳೆಯದು. ಆ ಬಸ್ಸಿನಲ್ಲಿ ಬರುವಷ್ಟು ಜನ ನಿಮ್ಮ ಯಾವ ಸಭೆಗೂ ಬಂದಿಲ್ಲ. ಪ್ಯಾಟ್ರಿಕ್ ಗೆಡ್ಡೆಸ್ ಅನ್ನುವ ಸ್ಕಾಟ್ಲೆಂಡಿನ ಜೀವಶಾಸ್ತ್ರಜ್ಞ ಊರುಗಳ ಯೋಜನೆ ಮಾಡುವಾಗ ಯೋಜನೆಗೆ ಮೊದಲು ಸಮೀಕ್ಷೆ ಅಂತ ಹಟ ಹಿಡಿಯುತ್ತಿದ್ದರಂತೆ. ಗಲ್ಲಿ ಗಲ್ಲಿ ನಡೆದು ನೋಡದೆ ಗೆರೆ ಎಳೆಯಬಾರದು ಅನ್ನೋದು ಅವರ ವಾದ. ನೂರು ವರ್ಷಕ್ಕೂ ಹಿಂದಿನ ಮಾತು ಅದು. ನಿಮ್ಮ ಕ್ಲಾಸಿನಲ್ಲಿ ಈಗಲೂ ಹೇಳಿಕೊಡುತ್ತಾರೆ ಅಂತ ವಿದ್ಯಾರ್ಥಿನಿಯೇ ಹೇಳಿದಳು.

ಎರಡೂ ಕಡೆಯಿಂದ ಸೇರಿ ಒಬ್ಬರನ್ನು, ಒಬ್ಬರನ್ನೇ, ಇದಕ್ಕೆ ಅಂತ ನೇಮಿಸಿ. ಅವರ ಹೆಸರು, ಕೂರುವ ಜಾಗ, ಸಿಗುವ ಹೊತ್ತು ಬೋರ್ಡಿನ ಮೇಲಿರಲಿ. ಬ್ಯಾಚ್ ಬದಲಾದರೂ, ಮೇಷ್ಟ್ರು ಬದಲಾದರೂ, ಮೇಯರ್ ಬದಲಾದರೂ ಹಾಳೆಗಳು ಅವರ ಹತ್ತಿರ ಇರಬೇಕು. ನಿಮ್ಮಿಬ್ಬರ ಒಪ್ಪಂದ ಪತ್ರದಲ್ಲಿ ನಮ್ಮ ಹೆಸರಿಗೂ ಒಂದು ಪುಟ ಸೇರಿಸಿ. ಏನು ಬರೆಯಬೇಕು ಅಂತ ಕೂತು ಮಾತಾಡೋಣ.

ಕೊನೆಯದಾಗಿ ಒಂದು ಸಣ್ಣ ಕೆಲಸ. ಇದಕ್ಕೆ ಬಜೆಟ್ ಬೇಡ, ಸಮಿತಿ ಬೇಡ. ಎರಡನೇ ಸುತ್ತಿಗೆ ನಕ್ಷೆ ಪ್ರಿಂಟ್ ಹಾಕಿಸುವ ಮುಂಚೆ ಆ ಬಿಳಿ ಚೌಕವನ್ನು ಎಡಗಡೆ ಕೆಳಗಿನ ಮೂಲೆಯಿಂದ ಎತ್ತಿ ಬೇರೆ ಎಲ್ಲಾದರೂ ಇಡಿಸಿ. ಮೇಲೆ ಬಲಗಡೆ ಬರೀ ಗುಡ್ಡ ಇದೆ, ಅಲ್ಲಿ ಯಾರ ಮನೆಯೂ ಇಲ್ಲ. ನಾವು ಅವತ್ತು ಬರೆದುಕೊಟ್ಟ ಹಾಳೆ ಸಿಕ್ಕರೆ ಅದನ್ನೇ ನೋಡಿ ತುಂಬಿಸಬಹುದು. ಸಿಗದಿದ್ದರೆ ಹೇಳಿ ಕಳಿಸಿ, ಇನ್ನೊಂದು ಸಲ ಬರೆದುಕೊಡುತ್ತೇವೆ. ನಮ್ಮ ಪಕ್ಕದ ಆ ಹೆಂಗಸಿಗೂ ಹೇಳಿದ್ದೇನೆ. ‘ಭಾನುವಾರ ಆದರೆ ಬರ್ತೀನಿ ಅಣ್ಣಾ’ ಅಂದಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
7ನೇ ಟೇಬಲಿನ ನಿವೃತ್ತ ಕಂಡಕ್ಟರ್